ಬೀಡಿನ ಮ್ಯಾನಿಫೋಲ್ಡೋ, ಹೆಡರೋ? ಘಾಟಿ ಓಡುವ ಗಾಡಿಗೆ ಆರಿಸುವ ಬಗೆ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆದರೆ ಸಾಕು, ಆಮೇಲೆ ಊರಿನ ಗ್ಯಾರೇಜುಗಳಲ್ಲಿ ಒಂದೇ ಪ್ರಶ್ನೆ. "ಅಣ್ಣಾ, ನಮ್ ಜಿಪ್ಸಿಗೂ ಹೆಡರ್ ಹಾಕ್ಸಿದ್ರೆ ಹೆಂಗೆ?" ಹೆಡರ್ ಅಂದರೆ ಕಂಪನಿಯ ಬೀಡು ಮ್ಯಾನಿಫೋಲ್ಡಿನ ಬದಲಿಗೆ ಹಾಕುವ, ಇಂಜಿನ್ನಿನ ಹೊಗೆ ಹೊರಬಿಡುವ ಉಕ್ಕಿನ ಪೈಪುಗಳ ಜೋಡಣೆ. ಕೇಳುವವರ ಕಿವಿಯಲ್ಲಿ ಇನ್ನೂ ರ‍್ಯಾಲಿ ಗಾಡಿಯ ಸದ್ದು ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಗಾಡಿಯ ಇಂಜಿನ್ ಐದು ಸಾವಿರ ಆರ್‌ಪಿಎಂಗಿಂತ ಕೆಳಗೆ ಇಳಿಯುವುದೇ ಕಡಿಮೆ. ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ನಮ್ಮದು ಬೆಳಿಗ್ಗೆ ತೋಟಕ್ಕೆ, ಮಧ್ಯಾಹ್ನ ಸಂತೆಗೆ, ಯಾವಾಗಲಾದರೂ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ. ಎರಡಕ್ಕೂ ಒಂದೇ ಪೈಪು ಹೊಂದುವುದಿಲ್ಲ.

ಹೆಡರ್ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಇಂಜಿನ್ ದಿನದ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ ಇರುತ್ತದೆ ಅನ್ನುವುದೇ ತೀರ್ಮಾನಿಸುತ್ತದೆ. ಸದ್ದು, ನೋಟ, ಪಕ್ಕದ ತೋಟದವರ ಗಾಡಿ ಎಲ್ಲ ಆಮೇಲಿನದು.

ಮೊದಲು ಎರಡೂ ಏನು ಮಾಡುತ್ತವೆ ನೋಡೋಣ

ಇಂಜಿನ್‌ನ ಹೆಡ್ಡಿನಿಂದ (ಸಿಲಿಂಡರುಗಳ ಮೇಲಿನ ಮುಚ್ಚಳ) ಸುಟ್ಟ ಹೊಗೆ ಹೊರಬರುವ ಜಾಗಕ್ಕೆ ಕಂಪನಿಯವರು ಸಾಮಾನ್ಯವಾಗಿ ಬೀಡು ಕಬ್ಬಿಣದಲ್ಲಿ ಎರಕ ಹೊಯ್ದ ಮ್ಯಾನಿಫೋಲ್ಡ್ ಕೂರಿಸುತ್ತಾರೆ. ದಪ್ಪ, ಭಾರ, ಅಗ್ಗ. ಸದ್ದನ್ನು ನುಂಗುತ್ತದೆ. ಮಳೆ, ಕೆಸರು, ಧೂಳು ಎಲ್ಲ ತಡೆದುಕೊಂಡು ಗಾಡಿಯ ಆಯುಸ್ಸಿನಷ್ಟೇ ಬಾಳುತ್ತದೆ. ಅದರ ತೊಂದರೆ ಒಳಗಿನ ದಾರಿಯದ್ದು. ನಾಲ್ಕೂ ಸಿಲಿಂಡರಿನ ಹೊಗೆ ಒಂದು ಮೊಂಡು ಡಬ್ಬಿಗೆ ಬಂದು ಬೀಳುತ್ತದೆ. ನಮ್ಮ ಸಾಮಾನ್ಯ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಬೆಂಕಿ ಹತ್ತುವ ಸರದಿ 1-3-4-2. ಅಂದರೆ ಮೂರರ ಹಿಂದೆಯೇ ಅದರ ಪಕ್ಕದ ನಾಲ್ಕು, ಎರಡರ ಹಿಂದೆಯೇ ಅದರ ಪಕ್ಕದ ಒಂದು. ಒಂದು ಸಿಲಿಂಡರಿನ ಹೊಗೆ ಇನ್ನೂ ಹೊರಗೆ ಹೋಗುತ್ತಿರುವಾಗಲೇ ಪಕ್ಕದ್ದು ಬಂದು ಡಿಕ್ಕಿ ಹೊಡೆಯುತ್ತದೆ.

ಹೆಡರ್ ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಉಕ್ಕಿನ ಪೈಪು. ಅವು ಸ್ವಲ್ಪ ದೂರ ಒಂಟಿಯಾಗಿ ಓಡಿ ಆಮೇಲೆ ಸೇರುತ್ತವೆ. ತೋಟದ ಎರಡು ಕಾಲುವೆ ಎದುರುಬದುರು ಬಂದು ಗುದ್ದುವುದಕ್ಕೂ, ಓರೆಯಾಗಿ ಬಂದು ಒಂದಾಗಿ ಹರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಹೊಗೆಯ ಏಟು ಪೈಪಿನ ಕೊನೆ ಮುಟ್ಟಿದಾಗ ಅಲ್ಲಿಂದ ಕಡಿಮೆ ಒತ್ತಡದ ಅಲೆಯೊಂದು ವಾಪಸ್ ಬರುತ್ತದೆ. ಎಕ್ಸಾಸ್ಟ್ ವಾಲ್ವು ಇನ್ನೇನು ಮುಚ್ಚುವ ಹೊತ್ತಿಗೆ ಆ ಅಲೆ ಸರಿಯಾಗಿ ಬಂದು ತಲುಪಿದರೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಆ ಜಾಗಕ್ಕೆ ಹೊಸ ಗಾಳಿ ಜಾಸ್ತಿ ಬರುತ್ತದೆ. ಹೆಡರಿನ ಮಾಯೆ ಇಷ್ಟೇ. ಅಲೆ ಸರಿಯಾದ ಹೊತ್ತಿಗೆ ಬರುವುದು ಮಾತ್ರ ಒಂದು ಆರ್‌ಪಿಎಂ ಆಸುಪಾಸಿನಲ್ಲಿ. ಎಲ್ಲ ಕಡೆಯೂ ಅಲ್ಲ.

ಹೆಜ್ಜೆ 1: ನಿಮ್ಮ ಗಾಡಿಗೆ ಈ ಪ್ರಶ್ನೆ ಇದೆಯೇ?

ಅರ್ಧ ಜನ ಇಲ್ಲಿಯೇ ನಿಲ್ಲಬಹುದು.

ಡೀಸೆಲ್ ಜೀಪ್ ಇದ್ದರೆ, ಉದಾಹರಣೆಗೆ ಪ್ಯೂಜೋ ಇಂಜಿನ್‌ನ ಹಳೇ ಎಂಎಂ 540, ಹೆಡರಿನ ಮಾತು ಬಿಟ್ಟುಬಿಡಿ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಪಂಪು) ಇಲ್ಲದ ನಿಧಾನದ ಡೀಸೆಲ್‌ಗೆ ಅದರಿಂದ ಬರುವುದು ಬರಿ ಸದ್ದು. ಪಂಪು, ನಾಝಲ್, ಏರ್ ಫಿಲ್ಟರ್ ನೋಡಿಸಿ. ಬೊಲೆರೊ, ಥಾರ್ ಥರದ ಟರ್ಬೊ ಡೀಸೆಲ್‌ನಲ್ಲಿ ಮ್ಯಾನಿಫೋಲ್ಡೇ ಟರ್ಬೊವಿನ ಭಾರ ಹೊತ್ತು ನಿಂತಿರುತ್ತದೆ. ಅಲ್ಲಿ ಬೀಡೇ ಸರಿ. ಶಾಖ ಒಳಗೇ ಉಳಿದಷ್ಟೂ ಟರ್ಬೊ ಚೆನ್ನಾಗಿ ತಿರುಗುತ್ತದೆ.

ಹೊಸ ಪೆಟ್ರೋಲ್ ಕಾರುಗಳದ್ದು ಇನ್ನೊಂದು ಕಥೆ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಹೊಗೆಯ ಮಿತಿ ಹೇಳುವ ಬಿಎಸ್ 4 ನಿಯಮ, 2020ರ ಏಪ್ರಿಲ್‌ನಿಂದ ಬಿಎಸ್ 6 ಬಂತು. ಈ ಕಾಲದ ಬಹುತೇಕ ಕಾರುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಹೆಡರ್ ಹಾಕುವುದು ಅಂದರೆ ಕ್ಯಾಟ್ ಕಿತ್ತು ಎಸೆಯುವುದು ಅಂತಲೇ ಅರ್ಥ. ಅದು ಕಾನೂನಿಗೆ ವಿರುದ್ಧ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟೂ ಹತ್ತಿಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್ಐ ಇಂಜಿನ್‌ನಲ್ಲಂತೂ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿದೆ. ಬಿಚ್ಚುವುದಕ್ಕೆ ಏನೂ ಇಲ್ಲ.

ಉಳಿದವರು ಯಾರು? ಹಳೇ ಪೆಟ್ರೋಲ್ ಗಾಡಿಯವರು. ಜಿಪ್ಸಿ, ಎಸ್ಟೀಮ್, ಝೆನ್, ಅಂಬಾಸಿಡರ್, ಪದ್ಮಿನಿ. ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಅದರ 1489 ಸಿಸಿ ಪೆಟ್ರೋಲ್ ಇಂಜಿನ್‌ನಲ್ಲಿ ಮಧ್ಯದ ಎರಡು ಸಿಲಿಂಡರಿಗೆ ಎಕ್ಸಾಸ್ಟ್ ದಾರಿ ಒಂದೇ. ಹೊರಗೆ ಕಾಣುವುದು ಮೂರೇ ತೂತು. ಅದಕ್ಕೆ ನಾಲ್ಕು ಪೈಪಿನ ಹೆಡರ್ ಕೊಡುತ್ತೇನೆ ಅನ್ನುವವರ ಹತ್ತಿರ ವ್ಯಾಪಾರ ಮಾಡಬೇಡಿ. ಆ ಇಂಜಿನ್‌ನಲ್ಲಿ ಪೆಟ್ರೋಲ್ ಒಳಹೋಗುವ ಮ್ಯಾನಿಫೋಲ್ಡೂ ಅದೇ ಬದಿಗಿದ್ದು, ಎಕ್ಸಾಸ್ಟಿನ ಬಿಸಿಯಿಂದಲೇ ಬೆಚ್ಚಗಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಆ ಬಿಸಿ ಇಲ್ಲದಿದ್ದರೆ ಇಂಜಿನ್ ಕಾಯುವ ತನಕ ಗಾಡಿ ಕೆಮ್ಮುತ್ತಲೇ ಇರುತ್ತದೆ.

ಹೆಜ್ಜೆ 2: ನಿಮ್ಮ ಆರ್‌ಪಿಎಂ ಯಾವುದು, ಕಂಡುಕೊಳ್ಳಿ

ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಒಂದನ್ನು ಇಸಿದುಕೊಂಡು ಒಂದು ವಾರ ಹಾಕಿಕೊಳ್ಳಿ. ಸುಮ್ನೆ ಓಡಿಸಿ, ನೋಡುತ್ತಾ ಇರಿ. ಹಾಸನದಿಂದ ಸಕಲೇಶಪುರಕ್ಕೆ ಹೈವೇಯಲ್ಲಿ ಎಷ್ಟಿರುತ್ತದೆ, ಶಿರಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ಲಾರಿಯ ಹಿಂದೆ ಎಷ್ಟಿರುತ್ತದೆ, ತೋಟದ ಮಣ್ಣು ದಾರಿಯಲ್ಲಿ ಎಷ್ಟಿರುತ್ತದೆ. ಬಹಳ ಜನರಿಗೆ ಸಿಗುವ ಉತ್ತರ ಎರಡು ಸಾವಿರದಿಂದ ಮೂರೂವರೆ ಸಾವಿರ. ಜಿಪ್ಸಿ ಕಿಂಗ್ ಎಂಪಿಎಫ್ಐ ಇಂಜಿನ್ ತನ್ನ 80 ಕುದುರೆ ಶಕ್ತಿ ಕೊಡುವುದು 6000ದಲ್ಲಿ, ಎಳೆತದ ತುದಿ 4500ರಲ್ಲಿ. ಅಲ್ಲಿಗೆ ನೀವು ದಿನಕ್ಕೆ ಎಷ್ಟು ಸಲ ಹೋಗುತ್ತೀರಿ?

ಈಗ ಒಂದು ಲೆಕ್ಕ. ಟ್ಯೂನಿಂಗ್ ಮಾಡುವವರು ಬಹಳ ಕಾಲದಿಂದ ಬಳಸುವ ಅಂದಾಜು ಸೂತ್ರ ಇದು. ಪಿಸ್ಟನ್ ಕೆಳಗಿನ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಎಕ್ಸಾಸ್ಟ್ ವಾಲ್ವು ತೆರೆಯುತ್ತದೋ ಅದಕ್ಕೆ 180 ಕೂಡಿಸಿ. ಅದನ್ನು 850ರಿಂದ ಗುಣಿಸಿ. ಬಂದದ್ದನ್ನು ನಿಮಗೆ ಲಾಭ ಬೇಕಾದ ಆರ್‌ಪಿಎಂನಿಂದ ಭಾಗಿಸಿ, 3 ಕಳೆಯಿರಿ. ಸಿಗುವುದು ಪೈಪಿನ ಉದ್ದ, ಇಂಚಿನಲ್ಲಿ.

ವಾಲ್ವು 50 ಡಿಗ್ರಿ ಮೊದಲು ತೆರೆಯುತ್ತದೆ ಅಂತ ಇಟ್ಟುಕೊಳ್ಳಿ. 6500 ಆರ್‌ಪಿಎಂಗೆ ಪೈಪು ಸುಮಾರು 27 ಇಂಚು. 4500ಕ್ಕೆ ಸುಮಾರು 40 ಇಂಚು. 3000ಕ್ಕೆ? 62 ಇಂಚು. ಐದಡಿಗಿಂತ ಉದ್ದ! ನಾಲ್ಕು ಪೈಪು, ಐದೈದು ಅಡಿ, ಜಿಪ್ಸಿಯ ಬಾನೆಟ್ಟಿನ ಕೆಳಗೆ. ಆಗುವ ಕೆಲಸವಾ ಅದು?

ಅಲ್ಲಿಗೆ ಉತ್ತರ ಸಿಕ್ಕಿತು. ಮೂರು ಸಾವಿರದ ಕೆಳಗೇ ಓಡಿಸುವವರಿಗೆ ತಕ್ಕ ಹೆಡರ್ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವುದೆಲ್ಲ ಮೇಲಿನ ಆರ್‌ಪಿಎಂಗೆ ಮಾಡಿದ್ದು. ಅದನ್ನು ಹಾಕಿಸಿ ಘಾಟಿ ಹತ್ತಿದರೆ ಕೆಳಗಿನ ಪಿಕಪ್ ಮೊದಲಿನಷ್ಟೇ ಇರುತ್ತದೆ, ಪೈಪು ತೀರಾ ದಪ್ಪವಾಗಿದ್ದರೆ ಇನ್ನೂ ಕಡಿಮೆಯಾಗುತ್ತದೆ.

ಇದರ ಜೊತೆಗೆ ನಮ್ಮ ಎತ್ತರವನ್ನೂ ನೆನಪಿಡಿ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. 1930 ಮೀಟರಿನ ಮುಳ್ಳಯ್ಯನಗಿರಿಯ ಮೇಲೆ ಆರರಲ್ಲಿ ಒಂದು ಪಾಲು ಕಡಿಮೆ. ಗಾಡಿ ಎಳೆಯುತ್ತಿಲ್ಲ ಅನ್ನುವ ದೂರಿನಲ್ಲಿ ಒಂದಷ್ಟು ಈ ತೆಳು ಗಾಳಿಯದ್ದೇ. ಅದನ್ನು ಯಾವ ಪೈಪೂ ತುಂಬಿಕೊಡುವುದಿಲ್ಲ. ಕಾರ್ಬುರೇಟರ್ ಗಾಡಿಯನ್ನು ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ್ದರೆ ಇಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತದೆ. ಮೊದಲು ಅದನ್ನು ಇಲ್ಲಿನ ಗಾಳಿಗೆ ಸರಿಮಾಡಿಸಿ. ಹೆಡರಿಗಿಂತ ಜಾಸ್ತಿ ವ್ಯತ್ಯಾಸ ಕಾಣಬಹುದು, ಖರ್ಚು ಎಷ್ಟೋ ಕಡಿಮೆ.

ಹೆಜ್ಜೆ 3: ಇರುವ ಮ್ಯಾನಿಫೋಲ್ಡನ್ನು ಪರೀಕ್ಷಿಸಿ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಕೇಳಿ. ಟಕ್ ಟಕ್ ಅಂತ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಅದು ಬಹುಮಟ್ಟಿಗೆ ಟ್ಯಾಪೆಟ್ (ವಾಲ್ವು ಒತ್ತುವ ಭಾಗ) ಅಲ್ಲ, ಮ್ಯಾನಿಫೋಲ್ಡ್ ಲೀಕ್. ಬೀಡು ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಟ್ಯಾಪೆಟ್ ಸೆಟ್ ಮಾಡಿಸಿ ಮಾಡಿಸಿ ಸುಸ್ತಾದವರು ಎಷ್ಟೋ ಜನ.

ಲೀಕಿನ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇರುತ್ತದೆ. ಕಾಣದಿದ್ದರೆ ಹೀಗೆ ಮಾಡಿ. ಇಂಜಿನ್ ಆಫ್ ಇರಲಿ, ಪೂರ್ತಿ ತಣ್ಣಗಿರಲಿ. ಸೈಲೆನ್ಸರ್ ಬಾಲಕ್ಕೆ ಬ್ಲೋವರಿನಿಂದ ಗಾಳಿ ಕೊಡಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಲೀಕ್.

ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಈ ಲೀಕ್ ದುಬಾರಿ. ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಎರಡು ಏಟಿನ ನಡುವೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಿದೆ ಅಂದುಕೊಳ್ಳುತ್ತದೆ, ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುಮ್ಮನೆ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಮೈಲೇಜ್ ಹೋಯಿತು ಅಂತ ನೀವು ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾ ಕೂರುತ್ತೀರಿ.

ಲೀಕ್ ಇಲ್ಲ, ಆದರೂ ಗಾಡಿ ಉಸಿರು ಕಟ್ಟಿದ ಹಾಗಿದೆ ಅಂದರೆ ಹಿಂದಿನ ಭಾಗ ನೋಡಿ. ಸೆನ್ಸರ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕಿ 2500 ಆರ್‌ಪಿಎಂನಲ್ಲಿ ಹಿಡಿಯಿರಿ. ಮುಳ್ಳು 3 ಪಿಎಸ್ಐ ದಾಟಿದರೆ ಕ್ಯಾಟೋ ಸೈಲೆನ್ಸರೋ ಕಟ್ಟಿದೆ ಅಂತ ಅರ್ಥ. ನಮ್ಮ ಕಡೆ ಮಳೆಗಾಲದಲ್ಲಿ ಸೈಲೆನ್ಸರ್ ಒಳಗೆ ತುಕ್ಕು ಹಿಡಿದು ಒಳಗಿನ ತಗಡು ಕಳಚಿ ಅಡ್ಡ ಬೀಳುವುದು ಅಪರೂಪವಲ್ಲ. ಹಿಂದೆ ದಾರಿ ಮುಚ್ಚಿರುವಾಗ ಮುಂದೆ ಹೆಡರ್ ಹಾಕಿ ಏನು ಬಂತು?

ಹೆಜ್ಜೆ 4: ಬೀಡನ್ನೇ ಉಳಿಸಿಕೊಳ್ಳುವುದಾದರೆ

ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಗಾಡಿಗೆ ಇದೇ ದಾರಿ. ಕೆಲಸ ಸಣ್ಣದು, ಆದರೆ ಸರಿಯಾಗಿ ಆಗಬೇಕು.

ಬಿಚ್ಚುವ ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ನಟ್ಟನ್ನು ಒಂದೇ ಸಲ ಬಲವಾಗಿ ತಿರುಗಿಸಬೇಡಿ. ಸ್ವಲ್ಪ ಬಿಡಿಸಿ, ಸ್ವಲ್ಪ ಬಿಗಿಸಿ, ಮತ್ತೆ ಬಿಡಿಸಿ. ಜಿಪ್ಸಿ, ಎಸ್ಟೀಮ್, ಝೆನ್‌ಗಳ ಹೆಡ್ಡು ಅಲ್ಯೂಮಿನಿಯಂ. ಬಿಸಿ ಇರುವಾಗ ಸ್ಟಡ್ (ಹೆಡ್ಡಿಗೆ ಕೂತ ತಲೆಯಿಲ್ಲದ ಬೋಲ್ಟು) ತಿರುಗಿದರೆ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ. ಸ್ಟಡ್ಡನ್ನೇ ತೆಗೆಯಬೇಕಾದರೆ ಅದರ ಮೇಲೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿಸಿ, ಒಳಗಿನ ನಟ್ಟಿಗೆ ಪಾನಾ ಹಾಕಿ ಬಿಡಿಸಿ. ಮುರಿದರೆ ಕೈ ಡ್ರಿಲ್ ಹಿಡಿದು ಸಾಹಸ ಮಾಡಬೇಡಿ. ಓರೆಯಾದ ತೂತು ಹೆಡ್ಡನ್ನೇ ಹಾಳು ಮಾಡುತ್ತದೆ. ಲೇತ್ ಅಂಗಡಿಯವರಿಗೆ ಬಿಡಿ.

ಹೊರಬಂದ ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಸ್ಟೀಲ್ ಪಟ್ಟಿ ಇಟ್ಟು ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. 0.10 ಮಿಲಿಮೀಟರಿನದ್ದು ಒಳಗೆ ಹೋದರೆ ಮುಖ ಸೊಟ್ಟಗಾಗಿದೆ. ಲೇತಿನಲ್ಲೋ ಸರ್ಫೇಸ್ ಗ್ರೈಂಡರಿನಲ್ಲೋ ಹೊಡೆಸಿ. ಹಾಸನದಲ್ಲಿ ಇದನ್ನು ಮಾಡುವ ಅಂಗಡಿ ಹುಡುಕುವುದು ಕಷ್ಟವಲ್ಲ. ಎಷ್ಟು ಬೇಕೋ ಅಷ್ಟೇ ತೆಗೆಯಲು ಹೇಳಿ.

ಬಿರುಕು ಬಿಟ್ಟಿದ್ದರೆ? ಬೀಡಿಗೆ ಸಾದಾ ವೆಲ್ಡಿಂಗ್ ರಾಡ್ ಹಾಕಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬಿರುಕಿನ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆದು, ಬಿರುಕನ್ನು ವಿ ಆಕಾರಕ್ಕೆ ಅರೆದು, ಇಡೀ ಮ್ಯಾನಿಫೋಲ್ಡನ್ನು ಚೆನ್ನಾಗಿ ಕಾಯಿಸಿ, ನಿಕಲ್ ರಾಡಿನಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು. ಆಮೇಲೆ ಬೂದಿಯಲ್ಲೋ ಒಣ ಸುಣ್ಣದ ಪುಡಿಯಲ್ಲೋ ಹೂತಿಟ್ಟು ನಿಧಾನಕ್ಕೆ ಆರಲು ಬಿಡಬೇಕು. ಗಾಳಿಗೆ ಇಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಇಷ್ಟು ತಾಳ್ಮೆ ಇರುವ ವೆಲ್ಡರ್ ಸಿಗದಿದ್ದರೆ ಹಳೇ ಸಾಮಾನಿನ ಅಂಗಡಿಗಳೇ ಗತಿ. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಇದೆ. ಕೊಳ್ಳುವಾಗ ಫೀಲರ್ ಗೇಜ್ ಜೇಬಿನಲ್ಲಿರಲಿ.

ಬಿಚ್ಚಿದ್ದೀರಿ ಅಂದಮೇಲೆ ಇನ್ನೊಂದು ಕೆಲಸ ಮಾಡಿ. ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಕೂರುವ ಹೊಸ ಪ್ಯಾಕಿಂಗನ್ನು ಮ್ಯಾನಿಫೋಲ್ಡಿನ ಬಾಯಿಗೆ ಹಿಡಿದು ನೋಡಿ. ಎರಕದ ಅಂಚು, ಗಂಟು ದಾರಿಗೆ ಅಡ್ಡ ಬಂದಿದ್ದರೆ ಗ್ರೈಂಡರಿನಿಂದ ಅರೆದು ಸಮ ಮಾಡಿ. ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ, ಚಿಕ್ಕದಿರಬಾರದು. ಹೆಡ್ಡಿಗೆ ಮಾತ್ರ ಕೈ ಹಚ್ಚಬೇಡಿ. ಖರ್ಚಿಲ್ಲದೆ ಸಿಗುವ ಲಾಭ ಇದು, ಆದರೂ ಯಾರೂ ಮಾಡುವುದಿಲ್ಲ!

ನಿಮ್ಮ ಮ್ಯಾನಿಫೋಲ್ಡಿನ ಆಕಾರವನ್ನೂ ಗಮನಿಸಿ. ಒಂದು ಮತ್ತು ನಾಲ್ಕನೆಯದು ಒಂದು ಕಡೆ, ಎರಡು ಮತ್ತು ಮೂರನೆಯದು ಇನ್ನೊಂದು ಕಡೆ ಸೇರಿ, ಕೆಳಗೆ ಎರಡು ಬಾಯಿ ಇದ್ದರೆ ಕಂಪನಿಯವರೇ ಡಿಕ್ಕಿ ತಪ್ಪಿಸಿದ್ದಾರೆ. ಅಂಥ ಬೀಡನ್ನು ತೆಗೆದು ಹೆಡರ್ ಹಾಕಿದರೆ ಸಿಗುವುದು ಬಹಳ ಕಡಿಮೆ.

ಹೆಜ್ಜೆ 5: ಹೆಡರ್ ಹಾಕುವುದೇ ಅಂದರೆ ಯಾವುದು?

ನಿಮ್ಮ ಗಾಡಿ ನಿಜಕ್ಕೂ ನಾಲ್ಕು ಸಾವಿರದ ಮೇಲೆ ಓಡುತ್ತದೆ, ವಾರಾಂತ್ಯಕ್ಕೆ ಆಟೋಕ್ರಾಸ್ ಹುಚ್ಚು ಇದೆ, ವಾಲ್ವು ತೆರೆಸುವ ಕ್ಯಾಮ್ ಬದಲಿಸಿದ್ದೀರಿ. ಆಗ ಹೆಡರ್ ಸರಿ. ಕ್ಯಾಮ್ ಬದಲಿಸದ ಇಂಜಿನ್‌ನಲ್ಲಿ ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಎರಡು ವಾಲ್ವೂ ಒಟ್ಟಿಗೆ ತೆರೆದಿರುವ ಹೊತ್ತು ಕಡಿಮೆ. ಅಲೆ ಬಂದು ಎಳೆಯುವುದಕ್ಕೂ ಸಮಯ ಬೇಕಲ್ವಾ? ಅದಕ್ಕೇ ಬರಿ ಹೆಡರಿನಿಂದ ಎರಡು ನಾಲ್ಕು ಕುದುರೆಗಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಆಕಾರದಲ್ಲಿ ಎರಡು ಬಗೆ. ನಾಲ್ಕೂ ಪೈಪು ಒಂದೇ ಕಡೆ ಸೇರುವ 4-1. ಮೊದಲು ಎರಡೆರಡಾಗಿ, ಆಮೇಲೆ ಒಂದಾಗುವ 4-2-1. ಮೊದಲನೆಯದು ಮೇಲಿನ ಆರ್‌ಪಿಎಂನಲ್ಲಿ ಒಂದು ಕಡೆ ಜೋರಾಗಿ ಎಳೆಯುತ್ತದೆ. ಎರಡನೆಯದು ಮಧ್ಯದಲ್ಲಿ ಅಗಲವಾಗಿ ಕೊಡುತ್ತದೆ. ರಸ್ತೆಗೆ, ಅದರಲ್ಲೂ ತಿರುವಿನಲ್ಲಿ ಗೇರ್ ಇಳಿಸಿ ಮತ್ತೆ ಎಳೆಯಬೇಕಾದ ಘಾಟಿಗೆ 4-2-1ನ್ನೇ ಆರಿಸಿ. ಜೋಡಿ 1-4 ಮತ್ತು 2-3 ಇದೆಯೇ ಅಂತ ಬೆರಳಿಟ್ಟು ಎಣಿಸಿ ನೋಡಿ. 1-2, 3-4 ಅಂತ ಜೋಡಿಸಿದ್ದರೆ ಅದು ನೋಡಲು ಮಾತ್ರ ಹೆಡರ್. ಮೇಲೆ ಹೇಳಿದ ಸೂತ್ರದ ಉದ್ದ ಇಲ್ಲಿ ಮೊದಲ ಪೈಪು, ಎರಡನೇ ಪೈಪು ಎರಡೂ ಸೇರಿ. ಮೊದಲ ತುಂಡು ಸುಮಾರು 15 ಇಂಚು, ಉಳಿದದ್ದು ಎರಡನೆಯದಕ್ಕೆ.

ಪೈಪಿನ ದಪ್ಪದಲ್ಲಿ ಹೆಚ್ಚಿನವರು ಎಡವುತ್ತಾರೆ. 1300 ಸಿಸಿ ಇಂಜಿನ್‌ಗೆ ಅದೇ ಥರದ ಅಂದಾಜು ಲೆಕ್ಕದಲ್ಲಿ 6500 ಆರ್‌ಪಿಎಂಗೆ ಒಳ ಅಳತೆ 35 ಮಿಲಿಮೀಟರ್. 4500ಕ್ಕೆ 29. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಒಂದೂವರೆ ಇಂಚು ಮತ್ತು ಒಂದೂಕಾಲು ಇಂಚಿನ ಪೈಪು. ರಸ್ತೆ ಗಾಡಿಗೆ ಇವೆರಡರ ನಡುವೆ ಯಾವುದಾದರೂ ಆದೀತು, ಹೆಡ್ಡಿನ ಬಾಯಿಗಿಂತ ಚಿಕ್ಕದಾಗದಂತೆ ನೋಡಿಕೊಳ್ಳಿ. ಒಂದೂಮುಕ್ಕಾಲು ಇಂಚಿನದ್ದು ತೋರಿಸಿ "ಫ್ರೀ ಫ್ಲೋ ಸಾರ್" ಅಂದರೆ ಕೈ ಮುಗಿದು ಬನ್ನಿ. ಪೈಪು ಅಗಲವಾದಷ್ಟೂ ಹೊಗೆಯ ವೇಗ ಕಡಿಮೆ. ವೇಗ ಇಲ್ಲದೆ ಎಳೆತ ಇಲ್ಲ. ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು ಅಂತ ಹೇಳುವವರು ನೋಡಿದ್ದು ಸರಿ, ಕಾರಣ ಮಾತ್ರ ಬೇರೆ. ಇಂಜಿನ್‌ಗೆ ಬೇಕಾದ್ದು ಹೊಗೆಯ ವೇಗ, ತಡೆ ಅಲ್ಲ.

ಲೋಹ ಯಾವುದು? ಮೈಲ್ಡ್ ಸ್ಟೀಲ್ ಅಗ್ಗ, ವೆಲ್ಡಿಂಗ್ ಸುಲಭ. ಆದರೆ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವದಲ್ಲಿ, ದಿನಾ ಕಾದು ಆರುವ 1.6 ಮಿಲಿಮೀಟರಿನ ಪೈಪು ಎಷ್ಟು ದಿನ ತಡೆದೀತು? 304 ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ಅಂತಲೇ ಹೇಳಬಹುದು, ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ವೆಲ್ಡಿಂಗ್ ಸರಿಯಿಲ್ಲದಿದ್ದರೆ ಜಾಯಿಂಟಿನಲ್ಲಿ ಸೀಳುತ್ತದೆ. 409 ಅನ್ನುವ ಸ್ಟೇನ್‌ಲೆಸ್ ಮೇಲ್ಗಡೆ ಸ್ವಲ್ಪ ಕಂದು ಬಣ್ಣಕ್ಕೆ ತಿರುಗುತ್ತದೆ, ಬಾಳಿಕೆ ಚೆನ್ನಾಗಿದೆ. ತೋಟದವರಿಗೆ ನಾನು ಸ್ಟೇನ್‌ಲೆಸ್ಸನ್ನೇ ಹೇಳುವುದು. ಆ ದುಡ್ಡಿಗೆ ಒಂದು ಜೊತೆ ಒಳ್ಳೆ ಟೈರ್ ಬಂದೀತು ಅನ್ನುವುದನ್ನೂ ಹೇಳುತ್ತೇನೆ.

ಪೈಪಿಗೆ ಸುತ್ತುವ ಬಟ್ಟೆ ಪಟ್ಟಿ ನಮ್ಮ ಕಡೆಗಲ್ಲ. ಮಳೆ ನೀರು ಹೀರಿ ಪೈಪಿಗೆ ಒದ್ದೆ ಕಂಬಳಿ ಹೊದಿಸಿದಂತೆ ಕೂರುತ್ತದೆ, ಒಳಗೊಳಗೇ ತಿನ್ನುತ್ತದೆ. ಶಾಖ ತಡೆಯಬೇಕಾದರೆ ಸೆರಾಮಿಕ್ ಕೋಟಿಂಗ್ ಮಾಡಿಸಿ, ಇಲ್ಲವೇ ತಗಡಿನ ಹೀಟ್ ಶೀಲ್ಡ್ ಹಾಕಿಸಿ.

ಹೆಜ್ಜೆ 6: ಕೂರಿಸುವುದು

ಕೊಳ್ಳುವ ಮೊದಲು ಹೆಡರನ್ನು ಕೈಯಲ್ಲಿ ಹಿಡಿದು, ಹೆಡ್ಡಿಗೆ ಕೂರುವ ಪಟ್ಟಿಯಾದ ಫ್ಲ್ಯಾಂಜ್ ನೋಡಿ. 8ರಿಂದ 10 ಮಿಲಿಮೀಟರ್ ದಪ್ಪ ಇರಬೇಕು. ತೆಳುವಾದರೆ ಕೆಲವೇ ತಿಂಗಳಲ್ಲಿ ಸೊಟ್ಟಗಾಗಿ ಮತ್ತೆ ಅದೇ ಟಕ್ ಟಕ್. ಬಾಯಿಯೊಳಗೆ ಟಾರ್ಚ್ ಬಿಡಿ, ವೆಲ್ಡಿಂಗಿನ ಗಂಟು ಒಳಗೆ ಇಳಿದಿರಬಾರದು. ಬೆಂಡಿನಲ್ಲಿ ಪೈಪು ಚಪ್ಪಟೆಯಾಗಿರಬಾರದು.

ಗಾಡಿಯಲ್ಲಿ ಪ್ಯಾಕಿಂಗ್ ಇಲ್ಲದೆ ಒಮ್ಮೆ ಸುಮ್ನೆ ಕೂರಿಸಿ ನೋಡಿ. ಸ್ಟಾರ್ಟರ್ ಮೋಟಾರ್, ಸ್ಟೀರಿಂಗ್ ಶಾಫ್ಟ್, ಕ್ಲಚ್ ಕೇಬಲ್, ಬ್ರೇಕ್ ಪೈಪು, ವೈರಿಂಗ್ ಎಲ್ಲದರಿಂದಲೂ ದೂರ ಇರಬೇಕು. ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬ್ರೇಕ್ ಪೈಪಿನ ಹತ್ತಿರ ಬಂದರೆ ಬೇಡವೇ ಬೇಡ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಎಣ್ಣೆ ಕುದಿಯುವುದು ಯಾರಿಗೂ ಬೇಡ. ಹೆಡರಿನ ಭಾರ ಹೊರುವ ಬ್ರ್ಯಾಕೆಟ್ ಗೇರ್‌ಬಾಕ್ಸಿಗೆ ಇರಲಿ, ಬಾಡಿಗೆ ಬೇಡ. ಹಿಂದಿನ ಸೈಲೆನ್ಸರಿಗೆ ಸೇರುವಲ್ಲಿ ಬಳುಕುವ ಫ್ಲೆಕ್ಸ್ ತುಂಡು ಹಾಕಿಸಿ. ಇಲ್ಲದಿದ್ದರೆ ಪ್ರತಿ ಗುಂಡಿಯ ಏಟೂ ಹೆಡರಿನ ಕುತ್ತಿಗೆಗೆ.

ಪ್ಯಾಕಿಂಗ್, ನಟ್ಟು ಎರಡೂ ಹೊಸದು ಹಾಕಿ. ಸಾದಾ ಸಿಲಿಕೋನ್ ಪೇಸ್ಟ್ ಬಳಿಯಬೇಡಿ, ಆ ಬಿಸಿಗೆ ಸುಟ್ಟು ಹೋಗುತ್ತದೆ. ಮಧ್ಯದಿಂದ ಶುರು ಮಾಡಿ ಎರಡೂ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಸಿ. 8 ಮಿಲಿಮೀಟರ್ ಸ್ಟಡ್ಡಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಮಾನ್ಯ, ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಇದ್ದರೆ ಅದೇ ಕೊನೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಪೈಪಿನ ಮೇಲಿನ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಹೆದರಬೇಡಿ. ಒಮ್ಮೆ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಮತ್ತೆ ಬಿಗಿಸಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಬೀಡಿಗೆ ಇಷ್ಟು ಉಪಚಾರ ಬೇಕಿಲ್ಲ, ಹೆಡರಿಗೆ ಬೇಕು.

ಸೆನ್ಸರ್ ಇರುವ ಗಾಡಿಯಲ್ಲಿ ಅದನ್ನು ನಾಲ್ಕೂ ಪೈಪು ಸೇರಿದ ನಂತರದ ಜಾಗದಲ್ಲಿ, ಆದಷ್ಟು ಹತ್ತಿರ ಕೂರಿಸಿ. ಒಂದೇ ತಂತಿಯ ಹಳೇ ಸೆನ್ಸರಿಗೆ ಸ್ವಂತ ಹೀಟರ್ ಇರುವುದಿಲ್ಲ. ದೂರ ಹಾಕಿದರೆ ಕಾಯುವುದೇ ಇಲ್ಲ, ಕೆಲಸವೂ ಮಾಡುವುದಿಲ್ಲ. ಕಾರ್ಬುರೇಟರ್ ಗಾಡಿಯಲ್ಲಿ ಪ್ಲಗ್ ಬಣ್ಣ ನೋಡಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಬದಲಿಸಬೇಕೋ ತಿಳಿದುಕೊಳ್ಳಿ. ತಿಳಿ ಕಂದು ಇದ್ದರೆ ಸರಿ, ಬಿಳಿ ಇದ್ದರೆ ಪೆಟ್ರೋಲ್ ಸಾಲದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿದರೆ ಎಲ್ಲೋ ಗಾಳಿ ಒಳಬರುತ್ತಿರಬಹುದು. ಕೆಲವರಿಗೆ ಆ ಸದ್ದೇ ಇಷ್ಟ, ಅದು ಬೇರೆ ವಿಷಯ.

ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಹುಲ್ಲು, ತರಗೆಲೆಯ ಮೇಲೆ ಗಾಡಿ ನಿಲ್ಲಿಸಬೇಡಿ. ತೆಳು ಪೈಪಿನ ಮೈ ಬೀಡಿಗಿಂತ ಬೇಗ, ಜಾಸ್ತಿ ಬಿಸಿಯಾಗುತ್ತದೆ. ಹಳ್ಳ ದಾಟುವ ಮೊದಲು ಎರಡು ನಿಮಿಷ ನಿಂತು ಆರಲು ಬಿಡಿ. ಇದು ಬೀಡಿಗೂ ಅನ್ವಯ, ಕೆಂಪಗೆ ಕಾದ ಬೀಡಿಗೆ ತಣ್ಣೀರು ಬಿದ್ದರೆ ಅದೂ ಸೀಳುತ್ತದೆ.

ಹೆಜ್ಜೆ 7: ಆರ್‌ಟಿಒ, ಎಮಿಷನ್ ಟೆಸ್ಟ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ ಅಡಿ 10,000 ರೂಪಾಯಿ ತನಕ. ಹೀಗಾಗಿ ರಸ್ತೆ ಗಾಡಿಗೆ ಕೈ ಹಾಕುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಕ್ಯಾಟ್ ಇದ್ದರೆ ಅದು ಉಳಿಯಲೇಬೇಕು, ಸೈಲೆನ್ಸರ್ ಇರಲೇಬೇಕು.

ಎಮಿಷನ್ ಟೆಸ್ಟಿನಲ್ಲಿ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಹೀಗಿದೆ. ಬಿಎಸ್ 2ಕ್ಕಿಂತ ಹಳೆಯದಕ್ಕೆ 3 ಪರ್ಸೆಂಟ್. ಬಿಎಸ್ 2, 3ಕ್ಕೆ 0.5. ಬಿಎಸ್ 4ರಿಂದ ಈಚಿನದಕ್ಕೆ 0.3. ಹೆಡರ್ ಹಾಕಿಸಿ ಟ್ಯೂನಿಂಗ್ ಮಾಡಿಸದೆ ಹೋದರೆ ಮೊದಲು ಸಿಕ್ಕಿಬೀಳುವುದು ಇಲ್ಲಿಯೇ. ಜಾಯಿಂಟಿನಲ್ಲಿ ಲೀಕ್ ಇದ್ದರೆ ಓದಿಕೆಯೂ ತಪ್ಪಾಗಿ ಬರುತ್ತದೆ.

ಹಳೇ ಬೀಡಿನ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕಬೇಡಿ. ಜಿಪ್ಸಿ ತಯಾರಿಕೆ ನಿಂತು ವರ್ಷಗಳಾದವು, ಒಳ್ಳೆಯ ಬೀಡು ಸಿಗುವುದು ದಿನೇ ದಿನೇ ಕಷ್ಟ. ಮೇಲಾಗಿ 15 ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಲು ತಪಾಸಣೆಗೆ ಒಯ್ಯಬೇಕು. ಅಷ್ಟು ಹೊತ್ತಿಗೆ ಅದು ಬೇಕಾಗಬಹುದು. ಮುಖಕ್ಕೆ ಗ್ರೀಸ್ ಬಳಿದು, ಸ್ಟಡ್, ನಟ್ಟು, ಹೀಟ್ ಶೀಲ್ಡ್ ಎಲ್ಲ ಒಂದು ಚೀಲಕ್ಕೆ ಹಾಕಿ, ತೇವ ತಾಗದ ಜಾಗದಲ್ಲಿ ಎತ್ತಿಡಿ.